ಗಂಟೆ ಕೇಳುವ ಮನೆ

ಮನೆ ದಲ್ಲಾಳಿ ದಸ್ತಗೀರಸಾಬ ಬೀಗ ತೆಗೆಯುವ ಮೊದಲೇ ಕೇಳಿದ, "ನಿಮ್ಮನ್ಯಾಗ ಯಾರದು ಕೊಡ್ತೀರಿ?"

ಬೇರೆ ಊರಿನ ದಲ್ಲಾಳಿಗಳು ಎಷ್ಟು ಮಂದಿ ಇರುತ್ತೀರಿ, ಏನು ಉದ್ಯೋಗ, ಮನೆಗೆ ನೆಂಟರು ಬಹಳ ಬರುತ್ತಾರೋ ಎಂದೆಲ್ಲ ವಿಚಾರಿಸುತ್ತಾರಂತೆ. ನಮ್ಮ ಊರಿನಲ್ಲಿ ಗಂಟೆ ಕೇಳುವ ಮನೆ ನೋಡಲು ಬಂದವರನ್ನು ಕೇಳುವುದು ಇದೊಂದೇ. ಶಾಲೆಯ ಗಂಟೆ ಒಳಗೆ ಬರುವ ಮನೆಯಲ್ಲಿ ಒಬ್ಬರ ದನಿ ಹೋಗುತ್ತದೆ. ಹೊಸ್ತಿಲು ದಾಟಿ ಬೀದಿಗೆ ಬಂದರೆ ಅವರೂ ಎಲ್ಲರಂತೆ ಮಾತಾಡಬಹುದು, ಜಗಳ ಆಡಬಹುದು, ಬೇಕಾದರೆ ಹಾಡಬಹುದು. ಹೊಸ್ತಿಲ ಒಳಗೆ ಮಾತ್ರ ತುಟಿ ಅಲ್ಲಾಡುತ್ತದೆ, ಮಾತು ಯಾರಿಗೂ ಕೇಳಿಸುವುದಿಲ್ಲ.

"ನಮ್ಮತ್ತೀದು," ಎಂದೆ ನಾನು, ಹಿಂದೆ ಮುಂದೆ ನೋಡದೆ.

ಅತ್ತೆ ನಿಂಬೆವ್ವ ನನ್ನ ಬೆನ್ನಿಗೇ ನಿಂತಿದ್ದಳು. "ಇನ್ನ ಮನಿ ಒಳಗ ಕಾಲಿಟ್ಟಿಲ್ಲ, ಆಗಲೇ ನನ್ನ ಬಾಯಿಗೆ ಬೀಗ ಹಾಕಾಕ ನಿಂತಾಳ ನೋಡ್ರಿ ಸಾಬರ," ಎಂದಳು. ದಸ್ತಗೀರಸಾಬ ನಗಲಿಲ್ಲ. ಇಂಥ ಮಾತು ಅವನು ದಿನಾ ಕೇಳುತ್ತಿದ್ದ.

ಆಗ ನಾವು ಇದ್ದದ್ದು ಊರಿನಿಂದ ದೂರ, ಹಿಟ್ಟಿನ ಗಿರಣಿಯ ಹಿಂದಿನ ಖೋಲಿಗಳಲ್ಲಿ. ನಮ್ಮನೆಯವರು ಆ ಗಿರಣಿ ನಡೆಸುತ್ತಿದ್ದರು. ವರ್ಷಗಟ್ಟಲೆ ಅದರ ಸದ್ದಿನಲ್ಲಿ ನಿಂತು ಅವರ ಕಿವಿ ಮಂದವಾಗಿತ್ತು, ಮಾತು ಅದಕ್ಕಿಂತ ಮಂದ. ಮಗಳು ಕಸ್ತೂರಿಗೆ ಶಾಲೆಗೆ ಹಾಕುವ ವಯಸ್ಸಾದಾಗ ನಾನು ಹಟ ಹಿಡಿದೆ. ಗಂಟೆಯ ಶಾಲೆಯಲ್ಲಿ ಕಲಿತ ಮಕ್ಕಳು ಕಚೇರಿ, ದವಾಖಾನೆ, ಬ್ಯಾಂಕು ಸೇರುತ್ತಿದ್ದರು. ಅದರ ಹೊರಗೆ ಉಳಿದವರು ಇಟ್ಟಂಗಿ ಭಟ್ಟಿ ಸೇರುತ್ತಿದ್ದರು. ನಾನೂ ಭಟ್ಟಿಯಲ್ಲಿ ಹಸಿ ಇಟ್ಟಂಗಿ ಹೊತ್ತು ಬೆಳೆದವಳೇ. ಹೊರೆಯ ಕೆಳಗೆ ಬಟ್ಟೆಯ ಸಿಂಬಿ ಇಟ್ಟು ಇಟ್ಟು ನನ್ನ ನೆತ್ತಿಯ ಮೇಲೆ ಇಂದಿಗೂ ಕೂದಲು ಸರಿಯಾಗಿ ಬರುವುದಿಲ್ಲ. ಬೈತಲೆ ತೆಗೆಯುವಾಗಲೆಲ್ಲ ಬೆರಳಿಗೆ ಆ ಬೋಳು ಜಾಗ ಸಿಗುತ್ತದೆ. ನನ್ನ ಮಗಳ ನೆತ್ತಿಯ ಮೇಲೆ ಸಿಂಬಿ ಕೂರಬಾರದು, ನನಗೆ ಬೇಕಿದ್ದದ್ದು ಅಷ್ಟೇ.

ಆದರೆ ಗಂಟೆ ಕೇಳದ ಮನೆಯ ಮಗುವನ್ನು ಆ ಶಾಲೆ ಸೇರಿಸಿಕೊಳ್ಳುವುದಿಲ್ಲ. ಮಾಸ್ತರರೊಬ್ಬರು ಬಂದು ನಡುಮನೆಯಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಗಂಟೆ ಅವರ ಕಿವಿಗೆ ಬಿದ್ದರೆ ತಲೆ ಆಡಿಸುತ್ತಾರೆ, ಬೀಳದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾರೆ. ಚಹಾ ಕೊಟ್ಟರೂ ಕುಡಿಯುವುದಿಲ್ಲ.

ಮನೆ ಹುಡುಕಲು ಹೊರಟಾಗ ಅತ್ತೆಯ ಮನಸ್ಸು ನಿಂತದ್ದು ಹಳ್ಳದಾಚೆಯ ಮನೆಯ ಮೇಲೆ. ಮುಂದೆ ಬೇವಿನ ಗಿಡ, ಅಂಗಳದಲ್ಲೇ ನಳ, ಕೋಳಿ ಕಟ್ಟಲು ಜಾಗ, ಗಾಳಿ ಬೆಳಕು ಎಲ್ಲ ಇತ್ತು. ಗಂಟೆ ಮಾತ್ರ ಇರಲಿಲ್ಲ. ನಾನು ಒಳಗೂ ಹೋಗದೆ ತಿರುಗಿ ಬಂದೆ. ಆಮೇಲೆ ಊರ ಅಂಚಿನಲ್ಲಿ ಇನ್ನೊಂದು ಮನೆ ನೋಡಿದೆವು. ಅಲ್ಲಿ ಅಡುಗೆಮನೆಯಲ್ಲಿ ಒಲೆಯ ಪಕ್ಕ ನಿಂತರೆ ಗಂಟೆ ಕೇಳಿಸುತ್ತಿತ್ತು, ನಡುಮನೆಗೆ ಬಂದರೆ ಇಲ್ಲ. "ಇಲ್ಲಿ ಅಡಿಗಿಮನ್ಯಾಗಷ್ಟ ದನಿ ಹೋಗ್ತೈತ್ರಿ, ಬ್ಯಾರೆ ಕಡೆ ಇರ್ತೈತಿ," ಎಂದ ದಸ್ತಗೀರಸಾಬ. ಅತ್ತೆಯ ಮುಖ ಅರಳಿತು. "ಹಂಗಾದ್ರ ಇದ ಚಲೋ. ತಂಗೆವ್ವಂದು ಹೋಗ್ಲಿ. ಅಡಿಗಿ ಮಾಡೂಮುಂದರೆ ಸುಮ್ಮನಿರ್ತಾಳ." ತಂಗೆವ್ವ ಎಂದರೆ ನಾನು. ಆದರೆ ಗಂಟೆ ಅರ್ಧಂಬರ್ಧ ಕೇಳುವ ಮನೆಯನ್ನು ಮಾಸ್ತರರು ಒಪ್ಪುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಉಳಿದದ್ದು ಶಾಲೆಯ ಹಿಂದಿನ ಕಮಾನುಗಲ್ಲಿಯ ಈ ಮನೆ. ಹಗಲಿನಲ್ಲೂ ದೀಪ ಬೇಕಾಗುವಂಥ ಕತ್ತಲೆ, ಹೊಗೆ ಹಿಡಿದ ಗೋಡೆ. ಗಂಟೆ ಮಾತ್ರ ಪಾತ್ರೆ ಪಗಡ ನಡುಗುವಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮಾಸ್ತರರು ಒಳಗೆ ಬಂದವರೇ ತಲೆ ಆಡಿಸಿದರು.

ಆ ಗಲ್ಲಿಯ ಜನ ಇದಕ್ಕೆಲ್ಲ ಒಗ್ಗಿಕೊಂಡಿದ್ದರು. ದನಿ ಕೊಟ್ಟವರು ಮನೆಯೊಳಗೆ ಬಳೆ ಬಡಿದು ಕರೆಯುತ್ತಿದ್ದರು, ತಟ್ಟೆಗೆ ಸೌಟು ತಟ್ಟಿ ಸಿಟ್ಟು ತೋರಿಸುತ್ತಿದ್ದರು. ಸಂಜೆಯಾದರೆ ಎಲ್ಲರೂ ತಂತಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂತು ಇಡೀ ದಿನ ತಡೆದುಕೊಂಡ ಮಾತನ್ನು ಹೊರಗೆ ಹಾಕುತ್ತಿದ್ದರು. ಆಗ ಆ ಗಲ್ಲಿಯಲ್ಲಿ ಸಂತೆಯಷ್ಟು ಗದ್ದಲ. ಕೂತವರಲ್ಲಿ ಮುದುಕಿಯರೇ ಹೆಚ್ಚು, ಉಳಿದವರು ತಾಯಂದಿರು. ಒಬ್ಬ ಗಂಡಸೂ ಇರಲಿಲ್ಲ. ಪಕ್ಕದ ಮನೆಯ ಪಾರಿಸವ್ವನನ್ನು ಇದೇಕೆ ಹೀಗೆ ಎಂದು ಕೇಳಿದಾಗ ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಗಂಡಸರದು ಕೊಡಂಗಿಲ್ಲವ್ವ," ಎಂದಳು. ನಾನು ಅದನ್ನು ಅಲ್ಲಿಗೇ ಬಿಟ್ಟೆ. ನಮ್ಮನೆಯವರು ವಾರಕ್ಕೆ ಆಡುವ ಮಾತನ್ನು ಒಂದು ಚಟಾಕಿನಲ್ಲಿ ಅಳೆಯಬಹುದಿತ್ತು, ಅದು ಹೋಗಿದ್ದರೆ ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಆದರೂ ಬಿಟ್ಟೆ. ಹೇಗೂ ಅತ್ತೆಯದೇ ಹೋಗುತ್ತದಲ್ಲ ಎಂಬ ನೆಮ್ಮದಿ ನನಗೆ.

ನನಗೂ ಅತ್ತೆಗೂ ಎಣ್ಣೆ ಸೀಗೇಕಾಯಿ ಸಂಬಂಧ. ಅವಳು ಒಂದಂದರೆ ನಾನು ಎರಡನ್ನುತ್ತಿದ್ದೆ. ನಾನು ಕಸ ಗುಡಿಸಿದ ಜಾಗವನ್ನು ಅವಳು ಮತ್ತೆ ಗುಡಿಸುತ್ತಿದ್ದಳು, ಅವಳು ಆರಿಸಿದ ಅಕ್ಕಿಯನ್ನು ನಾನು ಮತ್ತೆ ಆರಿಸುತ್ತಿದ್ದೆ. ಅವಳ ಮಾತಿಲ್ಲದ ಮನೆ ಎಂದರೆ ನನಗೆ ಸ್ವರ್ಗವೇ ಸೈ ಎಂದುಕೊಂಡಿದ್ದೆ. ಸಾಮಾನು ತುಂಬಿದ ಟಂಟಂನಲ್ಲಿ ಕಮಾನುಗಲ್ಲಿಗೆ ಬರುವಾಗ ಅವಳು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾನಾಗಿಯೇ ಹೇಳಿದಳು. "ನಂದ ತಗೋರಿ. ಬೇಕಾದಷ್ಟು ಮಾತಾಡೀನಿ. ಈ ಕೂಸು ನಾಕಕ್ಷರ ಕಲೀಲಿ. ಆದ್ರ ದಿನಾ ಸಂಜೀಕ ನನ್ನ ಹೊರಗ ಕಟ್ಟಿ ಮ್ಯಾಲೆ ಕುಂದರಿಸಿ, ನಾ ಹೇಳೂದು ಕೇಳಬೇಕು. ಸೊಸಿಗೂ ಹೇಳೀನಿ ಮತ್ತ." ನನಗೆ ಒಳಗೊಳಗೇ ನಾಚಿಕೆಯಾಯಿತು. ಆದರೆ ಬಾಯಿ ಬಿಟ್ಟು ಬ್ಯಾಡ ಎನ್ನಲಿಲ್ಲ.

ಹೊಸ ಮನೆಯಲ್ಲಿ ಒಲೆ ಹೊತ್ತಿಸಿದ ಮೇಲೆ ಬಾರಿಸುವ ಮೊದಲ ಗಂಟೆಯೇ ಲೆಕ್ಕ. ಅದು ಬಾರಿಸುವಾಗ ಮನೆಯೊಳಗೆ ಯಾರು ಮಾತಾಡುತ್ತಿರುತ್ತಾರೋ ಅವರ ದನಿ ಹೋಗುತ್ತದೆ. ಯಾರೂ ಮಾತಾಡದೆ ಇದ್ದರೆ ಎಲ್ಲರಿಗಿಂತ ಸಣ್ಣವರದು ಹೋಗುತ್ತದೆ. ಅದಕ್ಕೇ ದನಿ ಕೊಡುವವರು ಗಂಟೆಗೆ ಬಹಳ ಮೊದಲೇ ಮಾತು ಶುರುಮಾಡಿ, ನಡುವೆ ನಿಲ್ಲಿಸದೆ ಆಡುತ್ತಲೇ ಇರಬೇಕು. ಉಳಿದವರು ತುಟಿ ಬಿಗಿ ಹಿಡಿಯಬೇಕು. ಮಕ್ಕಳ ಬಾಯಿಗೆ ಬೆಲ್ಲದ ಉಂಡೆ ತುರುಕುವುದು ಆ ಗಲ್ಲಿಯ ಪದ್ಧತಿ. ಪಾರಿಸವ್ವ ಬೆಲ್ಲದ ದೊಡ್ಡ ಅಚ್ಚೇ ತಂದುಕೊಟ್ಟಳು. "ಕೂಸಿನ ಬಾಯಿ ಖಾಲಿ ಇರದಂಗ ನೋಡ್ಕೋ. ಉಳಿದಿದ್ದೆಲ್ಲಾ ದ್ಯಾವರ ಮ್ಯಾಲೆ ಬಿಡು," ಎಂದಳು.

ಬೆಳಿಗ್ಗೆ ಸ್ನಾನ ಮಾಡಿ ಒಲೆ ಹೊತ್ತಿಸಿದೆ, ಸಾರಿಗೆ ಇಟ್ಟೆ. ಕಸ್ತೂರಿಯ ಎರಡೂ ಗಲ್ಲ ಉಬ್ಬುವಂತೆ ಬೆಲ್ಲ ತುಂಬಿದೆ. ನಮ್ಮನೆಯವರು ಗೋಡೆಗೆ ಒರಗಿ ಕೂತರು, ಅವರ ಬಗ್ಗೆ ಚಿಂತೆ ಇರಲಿಲ್ಲ. ಅತ್ತೆ ಇಳಕಲ್ಲ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡಳು. ಆಮೇಲೆ ಶುರುಮಾಡಿದಳು.

"ಕಸ್ತೂರೀ, ನನ್ನವ್ವಾ, ಚಂದಂಗಿ ಕಲಿ. ಮಾಸ್ತರ ಹೇಳಿದ್ದು ತಲ್ಯಾಗ ಇಟ್ಕೋ. ಮಂದಿ ಮಕ್ಕಳ ಕೂಡ ಜಗಳಾ ಮಾಡಬ್ಯಾಡ, ಮಾಡಿದ್ರ ಮಾತ್ರ ಸೋತು ಬರಬ್ಯಾಡ. ನಿಮ್ಮಪ್ಪಗ ಕಿವಿ ಕೇಳಂಗಿಲ್ಲ, ಹತ್ರ ಹೋಗಿ ಹೇಳು. ಜಡಿ ದಿನಾ ಹಾಕಿಸ್ಕೋ, ಹೇನ ಮಾಡ್ಕೋಬ್ಯಾಡ..." ಅವಳ ದನಿ ನಡುಗುತ್ತಿತ್ತು. ಇವಳ ಮಾತನ್ನು ಇನ್ನು ಮೇಲೆ ಬೀದಿಯಲ್ಲಿ ನಿಂತು ಕೇಳಬೇಕಲ್ಲ ಎಂದು ಮೊದಲ ಬಾರಿ ಸಂಕಟವಾಯಿತು. ಅತ್ತೆ ಹೇಳುವುದನ್ನೆಲ್ಲ ಹೇಳಿ ಮುಗಿಸಿದ್ದಳು. ಗಂಟೆ ಇನ್ನೂ ಬಾರಿಸಿರಲಿಲ್ಲ. ಸುಮ್ಮನಿದ್ದರೆ ಕೂಸಿನದು ಹೋಗುತ್ತದೆಂಬ ಗಾಬರಿಯಲ್ಲಿ ಅವಳು ಬಾಯಿಗೆ ಬಂದದ್ದನ್ನೆಲ್ಲ ಆಡತೊಡಗಿದಳು. "ಮಳಿ ಬಂದ್ರ ಕುಳ್ಳು ಒಳಗ ಇಡ್ರಿ. ಕರೀ ಸೀರಿ ಪಾರಿಸವ್ವಗ ಕೊಡಬ್ಯಾಡ್ರಿ. ಕಸ್ತೂರೀ, ಹೊಟ್ಟಿ ತುಂಬ ಉಣ್ಣು. ನಿಮ್ಮವ್ವ ಮಾಡೂ ಸಾರಿಗೆ ಎಂದೂ ಉಪ್ಪು ಸಾಲಂಗಿಲ್ಲ, ನೀನ ಕೇಳಿ ಹಾಕಿಸ್ಕೋ..."

"ಉಪ್ಪು ಸರೀನ ಇರ್ತೈತಿ!" ಎಂದೆ ನಾನು, ಅವಳ ಮಾತನ್ನು ನಡುವೆಯೇ ತಡೆದು.

ಗಂಟೆ ಬಾರಿಸಿತು.

ಗಂಟೆ ಹಿಡಿದದ್ದು ನನ್ನ ಮಾತನ್ನು. ಅತ್ತೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಎಷ್ಟೋ ವರ್ಷದ ಚಾಳಿ. ಉಪ್ಪಿನ ಮಾತು ಬಂದರೆ ನನ್ನ ಬಾಯಿ ನನ್ನನ್ನು ಕೇಳಿ ತೆರೆಯುತ್ತಿರಲಿಲ್ಲ. "ಅತ್ತೀ" ಎಂದು ಕರೆದೆ. ತುಟಿ ಅಲ್ಲಾಡಿತು, ನನಗೇ ಏನೂ ಕೇಳಿಸಲಿಲ್ಲ. ಅತ್ತೆ ಎದೆ ಎದೆ ಬಡಿದುಕೊಂಡು ಅತ್ತಳು. "ನಾ ಯಾಕರೆ ಉಪ್ಪಿನ ಸುದ್ದಿ ತಗದೆ! ಹಾಳಾಗಿ ಹೋಗ್ಲಿ ನನ್ನ ನಾಲಿಗಿ!" ಎಂದಳು, ಹಾಳಾಗದೆ ಉಳಿದ ಅದೇ ನಾಲಿಗೆಯಿಂದ. ಬಾಯಿ ತುಂಬ ಬೆಲ್ಲ ಇಟ್ಟುಕೊಂಡಿದ್ದ ಕಸ್ತೂರಿ ಇದೇನೋ ಆಟವೆಂದು ನಗುತ್ತಿದ್ದಳು. ನಮ್ಮನೆಯವರು ಎದ್ದು ಟೋಪಿ ಇಟ್ಟುಕೊಂಡು, "ಆತು ಬಿಡು," ಎಂದು ಗಿರಣಿಗೆ ಹೋದರು. ಅಂದು ಸಾರಿನ ರುಚಿ ನೋಡಿದೆ. ಉಪ್ಪು ಕಡಿಮೆಯೇ ಇತ್ತು.

ಅತ್ತೆ ನನ್ನ ತುಟಿ ಓದುವುದನ್ನು ಕಲಿತಳು. ಇಷ್ಟು ವರ್ಷ ನನ್ನ ಬಾಯಿಯ ಮೇಲೆಯೇ ಕಣ್ಣಿಟ್ಟಿದ್ದವಳಿಗೆ ಅದೇನು ದೊಡ್ಡದಾಗಲಿಲ್ಲ. ನಾನು ತುಟಿ ಅಲ್ಲಾಡಿಸುವುದು, ಅವಳು ಅದನ್ನು ಜೋರಾಗಿ ಹೇಳುವುದು. ಮೊದಮೊದಲು ಮೋಸ ಮಾಡುತ್ತಿದ್ದಳು. ಊಟಕ್ಕೆ ಬಾ ಎಂದು ನಾನು ಹೇಳಿದರೆ, "ನಿಮ್ಮವ್ವ ಊಟಕ್ಕ ಬಾ ಅಂತಾಳ. ರೊಟ್ಟಿ ಚಪ್ಪಲಿ ಆಗ್ಯಾವ, ಹಲ್ಲು ಗಟ್ಟಿ ಮಾಡ್ಕೊಂಡು ಬಾ," ಎಂದು ತನ್ನದೊಂದು ಸೇರಿಸುತ್ತಿದ್ದಳು. ನಾನು ಸೌಟು ಕುಟ್ಟುತ್ತಿದ್ದೆ. ಸಂಜೆ ಕಟ್ಟೆಗೆ ಬಂದು ಬಡ್ಡಿಸಮೇತ ತೀರಿಸುತ್ತಿದ್ದೆ. ಗಲ್ಲಿಯ ಮುದುಕಿಯರೆಲ್ಲ ನಮ್ಮ ಜಗಳ ಕೇಳಲು ಕಾದು ಕೂರುತ್ತಿದ್ದರು. ಆ ಹೊತ್ತಿನಲ್ಲೇ ಕಸ್ತೂರಿಯೂ ನನ್ನ ತೊಡೆಗೆ ಒರಗಿ ಕೂತು ಶಾಲೆಯ ಸುದ್ದಿ ಹೇಳುತ್ತಿದ್ದಳು, ನಾನು ಭಟ್ಟಿಯ ಕಾಲದ ಕಥೆ ಹೇಳುತ್ತಿದ್ದೆ. ಆ ದಿನಗಳು ಕೆಟ್ಟವೇನೂ ಆಗಿರಲಿಲ್ಲ.

ಒಂದು ಮಳೆಗಾಲ ಕಸ್ತೂರಿಗೆ ಜ್ವರ ಬಂತು. ಮೈ ಕೆಂಡ. ಹೊರಗೆ ಮಳೆ, ಕಟ್ಟೆಗೆ ಕರೆದೊಯ್ಯುವಂತಿಲ್ಲ. ನಾನು ಅವಳ ತಲೆ ಹತ್ತಿರ ಕೂತು ಒದ್ದೆ ಬಟ್ಟೆ ಹಾಕುತ್ತ ಬಾಯಿಗೆ ಬಂದ ಹಾಗೆ ಮುದ್ದು ಮಾಡುತ್ತಿದ್ದೆ, ಕೇಳಿಸುವುದಿಲ್ಲ ಎಂಬುದನ್ನೂ ಮರೆತು. ಅತ್ತೆ ಕಾಲ ಹತ್ತಿರ ಕೂತು ನನ್ನ ತುಟಿ ನೋಡುತ್ತ ಒಂದೊಂದನ್ನೂ ಹೇಳತೊಡಗಿದಳು. "ನನ್ನ ಬಂಗಾರಾ. ನನ್ನ ಗಿಣೀ. ಎದ್ದ ಮ್ಯಾಲೆ ನಿನಗ ಸಜ್ಜಕದ ಹೋಳಗಿ ಮಾಡ್ತೀನಿ. ನಿನ್ನ ಬಿಟ್ರ ನನಗ ಯಾರದಾರ." ತನ್ನದೊಂದು ಮಾತೂ ಸೇರಿಸಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದ ಮಗು "ಅವ್ವಾ" ಎಂದು ಕೈ ಚಾಚಿತು, ಮಾತು ಬಂದ ದಿಕ್ಕಿಗೆ, ಅತ್ತೆಯ ಕಡೆಗೆ. ಅತ್ತೆ ಆ ಕೈಯನ್ನು ಹಿಡಿದು ಮೆಲ್ಲಗೆ ನನ್ನ ಕೈಯಲ್ಲಿಟ್ಟಳು. ಆ ಹೊತ್ತಿಗೆ ನನಗೆ ಅವಳ ಮೇಲೆ ಬಂದಷ್ಟು ಪ್ರೀತಿ ಹೆತ್ತ ತಾಯಿಯ ಮೇಲೂ ಬಂದಿರಲಿಲ್ಲ. ಆದರೂ ಎದೆಯಲ್ಲಿ ಏನೋ ಚುಚ್ಚಿತು.

ಮೇಲಿನ ತರಗತಿಗೆ ಹೋದಂತೆ ಸಂಜೆಯೂ ಪಾಠ ಶುರುವಾಯಿತು. ಕಸ್ತೂರಿ ಮನೆಗೆ ಬರುವಷ್ಟರಲ್ಲಿ ಕಟ್ಟೆ ಖಾಲಿಯಾಗಿರುತ್ತಿತ್ತು. ಶಾಲೆಯ ಮಕ್ಕಳು ಕಟ್ಟೆಯ ಮೇಲೆ ಕೂತು ಮಾತಾಡುವವರನ್ನು ಆಡಿಕೊಳ್ಳುತ್ತಾರೆಂದೂ ಗೊತ್ತಾಯಿತು. ಅವಳು ನನ್ನ ಕೈಸನ್ನೆಗಳನ್ನು ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ ನಾವು ಅಂಗಡಿಗೆ ಹೋದರೂ ಕೈಯಲ್ಲೇ ಮಾತಾಡುತ್ತಿದ್ದೆವು. ಅದು ಅವಳಿಗೂ ಸಲೀಸು, ನನಗೂ ರೂಢಿ. ಕೈಗೆ ಸಿಗದ ದೊಡ್ಡ ಮಾತುಗಳಿಗೆ ಮನೆಯಲ್ಲಿ ಅತ್ತೆ ಇದ್ದಳು. ನಾನು ಯಾವಾಗ ಮಗಳೊಂದಿಗೆ ಬಾಯಿಬಿಟ್ಟು ಮಾತಾಡುವುದನ್ನು ನಿಲ್ಲಿಸಿದೆನೋ ನನಗೇ ಗೊತ್ತಾಗಲಿಲ್ಲ.

ಅತ್ತೆ ಹಾಸಿಗೆ ಹಿಡಿದ ಮೇಲೆ ಒಂದು ದಿನ ಮಗನನ್ನು ಕರೆದು, "ಬಾಳ್ಯಾ, ನನ್ನ ಹೊರಸು ಹೊರಗ ಒಯ್ದು ಇಡು. ಸೊಸಿ ಕೂಡ ಮಾತಾಡೂದೈತಿ," ಎಂದಳು. ಬಿಸಿಲು ಇಳಿದ ಹೊತ್ತು. ಗಲ್ಲಿಯ ನಡುವೆ ಹೊರಸು ಹಾಕಿ ಮಲಗಿಸಿದೆವು. ಕಸ್ತೂರಿ ಪಾಠಕ್ಕೆ ಹೋಗಿದ್ದಳು. ನಾನು ಪಕ್ಕದಲ್ಲಿ ಕೂತೆ.

"ಬೈಯಿ," ಎಂದಳು ಅತ್ತೆ.

"ಏನಂತ ಬೈಲ್ರಿ?"

"ಏನರೆ ಬೈಯಿ. ನಿನ್ನ ದನಿ ಮರತಂಗಾಗೈತಿ. ಒಳಗ ನಿನ್ನ ಮಾತು ಆಡಿ ಆಡಿ ಯಾವುದು ನಂದು ಯಾವುದು ನಿಂದು ತಿಳೀದಂಗಾಗೈತಿ."

ನಾನು ಬೈದೆ. ಮದುವೆಯಾದ ವರ್ಷ ಹಬ್ಬಕ್ಕೆ ತವರಿಗೆ ಕಳಿಸದಿದ್ದದ್ದು, ಆರಿಸಿದ ಅಕ್ಕಿಯಲ್ಲಿ ಕಲ್ಲು ಉಳಿಸಿದ್ದು, ಕರೀ ಸೀರೆಯನ್ನು ಪೆಟ್ಟಿಗೆಯಲ್ಲೇ ಕೊಳೆಹಾಕಿದ್ದು, ಎಲ್ಲ ತೆಗೆದೆ. ಅವಳು ಕಣ್ಣು ಮುಚ್ಚಿಕೊಂಡು ಹಾಡು ಕೇಳುವ ಹಾಗೆ ಕೇಳಿದಳು, ನಡುನಡುವೆ ತಿರುಗಿ ಒಂದೊಂದು ಕೊಟ್ಟಳು. ಬೈಯುತ್ತ ಬೈಯುತ್ತ ನಾನು ಅಳತೊಡಗಿದೆ. "ಒಂದ ಮಾತು ಹೇಳ್ತೀನಿ," ಎಂದಳು ಅತ್ತೆ. "ಆ ಹುಡುಗೀ ಮುಂದ ಬಾಯಿ ಬಿಟ್ಟು ಮಾತಾಡು. ನಾ ಇದ್ದಾಗ ನಡೀತು." ವಾರದೊಳಗೆ ಅವಳು ಹೋದಳು.

ಆಮೇಲೆ ಮನೆಯಲ್ಲಿ ನನ್ನ ಮಾತನ್ನು ಆಡುವವರು ಯಾರೂ ಉಳಿಯಲಿಲ್ಲ. ನಮ್ಮನೆಯವರು ನನ್ನ ತುಟಿ ನೋಡುವ ಗೋಜಿಗೆ ಹೋಗಲಿಲ್ಲ. ಕಸ್ತೂರಿ ಪುಸ್ತಕದಿಂದ ತಲೆ ಎತ್ತಿದಾಗ ಕೈಸನ್ನೆ ಮಾಡುತ್ತಿದ್ದೆ, ಅವಳು ತಲೆ ಆಡಿಸುತ್ತಿದ್ದಳು. ಅತ್ತೆಯ ಮಾತು ನೆನಪಿತ್ತು. ಬೀದಿಗೆ ಕರೆದು ಮಾತಾಡಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದೆ. ಅವಳ ಪರೀಕ್ಷೆ, ಅವಳ ಗೆಳತಿಯರು, ಅವಳ ನಾಚಿಕೆ. ಇಷ್ಟೆಲ್ಲ ಯಾಕೆ, ಶಾಲೆ ಮುಗಿಯಲಿ, ಹಳ್ಳದಾಚೆ ಗಂಟೆ ಇಲ್ಲದ ಮನೆ ಮಾಡೋಣ, ಅಲ್ಲಿ ಒಲೆ ಮುಂದೆ ಕೂತು ಸಾಕು ಸಾಕೆನ್ನುವಷ್ಟು ಮಾತಾಡೋಣ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆಡಬೇಕಾದ ಮಾತುಗಳನ್ನೆಲ್ಲ ಅಲ್ಲಿಗೆಂದೇ ತೆಗೆದಿಟ್ಟೆ.

ಅವಳ ಶಾಲೆಯ ಕೊನೆಯ ದಿನ ದಸ್ತಗೀರಸಾಬನ ಹತ್ತಿರ ಹೋದೆ. ಅವನೂ ಮುದುಕನಾಗಿದ್ದ. ಬೇವಿನ ಗಿಡದ ಅದೇ ಮನೆ ಖಾಲಿ ಇತ್ತು. ಕೀಲಿಕೈ ಕೊಡುತ್ತ, "ಇಲ್ಲಿ ಯಾರದೂ ಕೊಡೂದು ಬ್ಯಾಡ ತಂಗೆವ್ವಾ. ಆರಾಮ ಇರ್ರಿ," ಎಂದ. ಕೀಲಿಕೈಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ನೇರ ಶಾಲೆಗೆ ನಡೆದೆ. ಈ ಸುದ್ದಿಯನ್ನು ಕೈಯಲ್ಲಿ ಹೇಳುವುದಿಲ್ಲ, ಬಾಯಲ್ಲೇ ಹೇಳುತ್ತೇನೆ ಎಂದು ನಿಶ್ಚಯಿಸಿದ್ದೆ. ದಾರಿಯುದ್ದಕ್ಕೂ ಗಂಟಲು ಸರಿಮಾಡಿಕೊಂಡೆ.

ಶಾಲೆಯ ಗೇಟಿನ ಮುಂದೆ ಹುಣಸೆಮರದ ಕೆಳಗೆ ನಿಂತೆ. ಹುಡುಗಿಯರು ಗುಂಪಾಗಿ ಹೊರಗೆ ಬಂದು ನನ್ನನ್ನು ದಾಟಿ ಮುಂದೆ ಹೋದರು. ನಡುವೆ ನನ್ನ ಮಗಳು, ನನಗಿಂತ ಎತ್ತರ, ನೆತ್ತಿಯ ಮೇಲೆ ದಟ್ಟ ಕೂದಲು, ಬಿಗಿಯಾಗಿ ಹೆಣೆದ ಜಡೆ. ನೋಡಿ ಕಣ್ಣು ತುಂಬಿತು. ಇಷ್ಟು ಸಾಕು, ಕೊಟ್ಟದ್ದು ಸುಮ್ಮನೆ ಹೋಗಲಿಲ್ಲ ಅನ್ನಿಸಿತು.

"ಕಸ್ತೂರೀ," ಎಂದು ಕರೆದೆ.

ಅವಳು ತಿರುಗಲಿಲ್ಲ. ಇನ್ನೊಮ್ಮೆ, ಗಂಟಲೆತ್ತಿ, "ಕಸ್ತೂರೀ!" ಎಂದೆ. ಪಕ್ಕದ ಹುಡುಗಿ ಅವಳ ತೋಳು ಮುಟ್ಟಿ, ನಿನ್ನನ್ನು ಯಾರೋ ಕರೆಯುತ್ತಿದ್ದಾರೆ ಎಂದಳು. ಆಗ ತಿರುಗಿದಳು. ನನ್ನನ್ನು ಕಂಡು ಮುಖ ಅರಳಿಸಿ ಹತ್ತಿರ ಬಂದಳು. ಬಂದವಳು ನನ್ನ ಹೆಗಲ ಮೇಲಿಂದ ಹಿಂದಕ್ಕೆ ಇಣುಕಿ ಆ ಕಡೆ ಈ ಕಡೆ ನೋಡಿದಳು. ಹುಣಸೆಮರದ ಹಿಂದೆ ಯಾರೂ ಇರಲಿಲ್ಲ.

"ಅವ್ವಾ, ಯಾರೋ ಹೆಣ್ಮಗಳು ನನ್ನ ಕರದ್ಲಲ್ಲ, ಯಾರಾಕಿ?" ಎಂದು ಕೇಳಿದಳು.

ಇನ್ನೊಂದು ಮಾತು ಆಡಿದ್ದರೆ ಆ ದನಿ ನನ್ನದೇ ಎಂದು ಅವಳಿಗೆ ತಿಳಿಯುತ್ತಿತ್ತು. ಅದು ತಿಳಿದಾಗ ಅವಳ ಮುಖ ಹೇಗಾಗುತ್ತದೋ ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಯಾರೂ ಇಲ್ಲ ಎಂದು ಕೈ ಆಡಿಸಿದೆ. ಆಮೇಲೆ ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ನಡಿ, ಉಣ್ಣಲು ಹೋಗೋಣ ಎಂದು ತೋರಿಸಿದೆ.